ಹೊಸ ಕೊಂಡಿ ಸೇರಿಸುವ ಮುನ್ನ: ಜಾಲಗಳ ವಿನ್ಯಾಸ ಮತ್ತು ವಿಶ್ಲೇಷಣೆಯಲ್ಲಿ ಗೇಮ್ ಥಿಯರಿಯನ್ನು ಬಳಸುವ ಬಗೆ

1968ರಲ್ಲಿ ಜರ್ಮನಿಯ ಗಣಿತಜ್ಞ ಡೀಟ್ರಿಶ್ ಬ್ರೆಸ್ ಅವರು ನಾಲ್ಕೇ ನೋಡ್‌ಗಳಿರುವ (ಅಂದರೆ ರಸ್ತೆಗಳು ಸೇರುವ ಬಿಂದುಗಳಿರುವ) ಪುಟ್ಟ ರಸ್ತೆ ಜಾಲವೊಂದನ್ನು ಮುಂದಿಟ್ಟು, ಅದಕ್ಕೆ ಹೊಸ ರಸ್ತೆಯೊಂದನ್ನು ಸೇರಿಸಿದಾಗ ಪ್ರತಿಯೊಬ್ಬ ಪ್ರಯಾಣಿಕನ ಪ್ರಯಾಣದ ಅವಧಿಯೂ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕದಲ್ಲಿ ವಾಹನಗಳ ಸಂಖ್ಯೆ ಹೆಚ್ಚಿರಲಿಲ್ಲ, ಯಾವ ರಸ್ತೆಯೂ ಹಾಳಾಗಿರಲಿಲ್ಲ, ಯಾರೂ ದಾರಿ ತಪ್ಪಿರಲಿಲ್ಲ; ಎಲ್ಲರೂ ತಮ್ಮನ್ನು ಅತಿ ಬೇಗ ತಲುಪಿಸುವ ದಾರಿಯನ್ನೇ ಹಿಡಿದಿದ್ದರು, ಅಷ್ಟೇ. ಎರಡು ನೋಡ್‌ಗಳನ್ನು ಜೋಡಿಸುವ ಕೊಂಡಿಯೊಂದರ ಉಪಯೋಗವು ಆ ಕೊಂಡಿಯ ಗುಣದಲ್ಲಿಲ್ಲ, ಅದನ್ನು ಕಂಡು ಬಳಕೆದಾರರು ತಮ್ಮ ಆಯ್ಕೆಯನ್ನು ಹೇಗೆ ಬದಲಿಸಿಕೊಳ್ಳುತ್ತಾರೆ ಎಂಬುದರಲ್ಲಿದೆ ಎಂಬುದು ಈ ಬರಹದ ಮುಖ್ಯ ವಾದ. ಬ್ರೆಸ್ ಅವರ ಅಂಕಿಗಳನ್ನೇ ಇಟ್ಟುಕೊಂಡು, ಒಂದೊಂದೇ ಹಂತವನ್ನು ಕೈಲೆಕ್ಕದಲ್ಲಿ ಮಾಡಿ ನೋಡೋಣ. ಪಿಯುಸಿ ಮಟ್ಟದ ಗಣಿತ ಸಾಕು. ಕಾಗದ, ಪೆನ್ಸಿಲ್ ಜೊತೆಗಿದ್ದರೆ ಒಳ್ಳೆಯದು.

ಹಂತ 1: ನಿರ್ಧಾರ ಯಾರ ಕೈಯಲ್ಲಿದೆ ಎಂದು ಗುರುತಿಸುವುದು

ಜಾಲದ ಎಲ್ಲ ನಿರ್ಧಾರಗಳೂ ಒಂದೇ ಕೈಯಲ್ಲಿದ್ದರೆ ಗೇಮ್ ಥಿಯರಿಯ, ಅಂದರೆ ಒಬ್ಬರ ಆಯ್ಕೆಯ ಫಲ ಇತರರ ಆಯ್ಕೆಯನ್ನೂ ಅವಲಂಬಿಸಿರುವ ಸಂದರ್ಭಗಳನ್ನು ವಿಶ್ಲೇಷಿಸುವ ಗಣಿತದ, ಅಗತ್ಯವೇ ಇಲ್ಲ. ಅದು ಸಾಮಾನ್ಯ ಅತ್ಯುತ್ತಮೀಕರಣದ ಸಮಸ್ಯೆ. ಒಂದು ಕಂಪನಿ ತನ್ನದೇ ಡೇಟಾ ಸೆಂಟರ್‌ಗಳ ನಡುವಿನ ದಟ್ಟಣೆಯನ್ನು ತಾನೇ ಹಂಚುತ್ತಿದ್ದರೆ ಅಲ್ಲಿ ಆಟವಿಲ್ಲ. ಆದರೆ ರಸ್ತೆಯಲ್ಲಿ ಪ್ರತಿ ಚಾಲಕನೂ, ಅಂತರ್ಜಾಲದಲ್ಲಿ ಪ್ರತಿ ಸೇವಾದಾರ ಸಂಸ್ಥೆಯೂ ತನ್ನ ಹಿತವನ್ನು ನೋಡಿಕೊಂಡು ಸ್ವತಂತ್ರವಾಗಿ ಆಯ್ಕೆ ಮಾಡುವುದರಿಂದ ಅಲ್ಲಿ ಆಟವಿದೆ. ಆದ್ದರಿಂದ ಮೊದಲು ಮೂರು ವಿಷಯಗಳನ್ನು ಬರೆದುಕೊಳ್ಳಬೇಕು: ಆಟಗಾರರು ಯಾರು, ಅವರ ಮುಂದಿರುವ ಆಯ್ಕೆಗಳು ಯಾವುವು, ಅವರು ಯಾವುದನ್ನು ಕಡಿಮೆ ಮಾಡಿಕೊಳ್ಳಲು ಬಯಸುತ್ತಾರೆ.

ಇಲ್ಲಿ ಇನ್ನೊಂದು ತೀರ್ಮಾನವೂ ಬೇಕು. ಸಾವಿರಾರು ಚಾಲಕರಿದ್ದಾಗ ಒಬ್ಬನ ಆಯ್ಕೆಯಿಂದ ಒಟ್ಟು ಚಿತ್ರ ಬದಲಾಗುವುದಿಲ್ಲವಾದ್ದರಿಂದ ಅವರನ್ನು ನೀರಿನಂತೆ ಹರಿಯುವ ಮೊತ್ತವೆಂದು ಭಾವಿಸಬಹುದು. ನಾಲ್ಕೈದು ದೊಡ್ಡ ಸಂಸ್ಥೆಗಳಷ್ಟೇ ಇರುವಲ್ಲಿ ಹಾಗೆ ಭಾವಿಸಿದರೆ ಉತ್ತರ ತಪ್ಪುತ್ತದೆ; ಪ್ರತಿಯೊಂದನ್ನೂ ಬಿಡಿಯಾಗಿ ಎಣಿಸಲೇಬೇಕು. ನಮ್ಮ ಉದಾಹರಣೆ ಮೊದಲನೆಯ ಬಗೆಯದು.

ಹಂತ 2: ಜಾಲವನ್ನು ಬರೆದು ವೆಚ್ಚದ ಫಲನಗಳನ್ನು ತುಂಬುವುದು

ಕ ಎಂಬುದು ಹೊರಡುವ ಊರು, ತ ಎಂಬುದು ತಲುಪುವ ಊರು, ಚ ಮತ್ತು ಟ ನಡುವಿನ ಎರಡು ಜಂಕ್ಷನ್‌ಗಳು ಎಂದಿಟ್ಟುಕೊಳ್ಳಿ. ಒಂದು ರಸ್ತೆಯ ಮೇಲಿನ ಹರಿವನ್ನು ಹ ಎಂದು ಕರೆಯೋಣ. ಅದರ ಮಾನ ಗಂಟೆಗೆ ಸಾವಿರ ವಾಹನ, ಅವಧಿಯ ಮಾನ ನಿಮಿಷ (ಮಾನಗಳನ್ನು ಓದಿನ ಅನುಕೂಲಕ್ಕೆಂದು ನಾನು ಸೇರಿಸಿದ್ದೇನೆ). ಕ–ಚ ಮತ್ತು ಟ–ತ ಕಿರಿದಾದ ರಸ್ತೆಗಳಾದ್ದರಿಂದ ಅವುಗಳ ಅವಧಿ 10ಹ. ಚ–ತ ಮತ್ತು ಕ–ಟ ಉದ್ದವಾದರೂ ಅಗಲವಾದ ರಸ್ತೆಗಳಾದ್ದರಿಂದ ಅವುಗಳ ಅವಧಿ 50 + ಹ. ಕ ಊರಿನಿಂದ ತ ಊರಿಗೆ ಗಂಟೆಗೆ 6 ಸಾವಿರ ವಾಹನಗಳು ಹೋಗಬೇಕು.

ನಿಜವಾದ ರಸ್ತೆಗೆ ಇಂಥ ಸರಳ ರೇಖೆ ಹೊಂದುವುದಿಲ್ಲ. ಸಾರಿಗೆ ಎಂಜಿನಿಯರರು ಅಮೆರಿಕದ ಸಾರ್ವಜನಿಕ ರಸ್ತೆಗಳ ಬ್ಯೂರೋ 1964ರಲ್ಲಿ ಪ್ರಕಟಿಸಿದ ಸೂತ್ರವನ್ನು ಇಂದಿಗೂ ಬಳಸುತ್ತಾರೆ: ಹರಿವನ್ನು ರಸ್ತೆಯ ಸಾಮರ್ಥ್ಯದಿಂದ ಭಾಗಿಸಿ, ಬಂದದ್ದನ್ನು ನಾಲ್ಕನೇ ಘಾತಕ್ಕೇರಿಸಿ, 0.15ರಿಂದ ಗುಣಿಸಿ, 1 ಸೇರಿಸಿ, ಖಾಲಿ ರಸ್ತೆಯ ಅವಧಿಯಿಂದ ಗುಣಿಸುವುದು. ದತ್ತಾಂಶ ಜಾಲಗಳಲ್ಲಾದರೆ ಸರದಿಯ ವಿಳಂಬವು ಸಾಮರ್ಥ್ಯ ಸಮೀಪಿಸಿದಂತೆ ಇನ್ನೂ ಕಡಿದಾಗಿ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ವಿಶ್ಲೇಷಣೆಯ ಬೆಲೆ ನಿರ್ಧಾರವಾಗುವುದು ಈ ಹಂತದಲ್ಲಿಯೇ. ಫಲನಗಳನ್ನು ಅಳತೆಯಿಂದ ಪಡೆಯದೆ ಊಹೆಯಿಂದ ತುಂಬಿದರೆ ಮುಂದಿನ ಗಣಿತವೆಲ್ಲ ಅಲಂಕಾರವಾಗಿಬಿಡುತ್ತದೆ.

ಹಂತ 3: ಸಮತೋಲನವನ್ನು ಕಂಡುಹಿಡಿಯುವುದು

ಬೇರೆಯವರ ಆಯ್ಕೆ ಹಾಗೆಯೇ ಇರುವಾಗ ತನ್ನ ಆಯ್ಕೆಯನ್ನು ಮಾತ್ರ ಬದಲಿಸಿ ಯಾವ ಆಟಗಾರನೂ ಲಾಭ ಪಡೆಯಲಾರದ ಸ್ಥಿತಿಯೇ ಸಮತೋಲನ; ಜಾನ್ ನ್ಯಾಶ್ 1950ರಲ್ಲಿ ಅದನ್ನು ಸಾಮಾನ್ಯ ರೂಪದಲ್ಲಿ ಮಂಡಿಸಿದರು. ಅದಕ್ಕೆ ಎರಡು ವರ್ಷಗಳ ನಂತರ ಬ್ರಿಟನ್ನಿನ ಜಾನ್ ವಾರ್ಡ್ರೋಪ್ ರಸ್ತೆ ಸಂಚಾರಕ್ಕೆ ಇದರದೇ ರೂಪವನ್ನು ಹೇಳಿದರು: ಬಳಕೆಯಲ್ಲಿರುವ ಎಲ್ಲ ದಾರಿಗಳ ಅವಧಿಯೂ ಸಮನಾಗಿರುತ್ತದೆ, ಬಳಕೆಯಲ್ಲಿಲ್ಲದ ದಾರಿಯ ಅವಧಿ ಅದಕ್ಕಿಂತ ಕಡಿಮೆ ಇರುವುದಿಲ್ಲ.

ನಮ್ಮ ಜಾಲದಲ್ಲಿ ಎರಡೂ ದಾರಿಗಳು ಸಮಾನ ಸ್ವರೂಪದವಾದ್ದರಿಂದ 3 ಸಾವಿರ ವಾಹನಗಳು ಕ–ಚ–ತ ದಾರಿಯಲ್ಲಿ, ಉಳಿದ 3 ಸಾವಿರ ಕ–ಟ–ತ ದಾರಿಯಲ್ಲಿ ಹೋಗುತ್ತವೆ. ಪ್ರತಿಯೊಬ್ಬರಿಗೂ ತಗಲುವ ಅವಧಿ 30 + 53, ಅಂದರೆ 83 ನಿಮಿಷ.

ಈಗ ಚ ಜಂಕ್ಷನ್‌ನಿಂದ ಟ ಜಂಕ್ಷನ್‌ಗೆ 10 + ಹ ಅವಧಿಯ ಸೇತುವೆಯೊಂದನ್ನು ಕಟ್ಟಿದರೆಂದುಕೊಳ್ಳಿ. ಖಾಲಿ ಸೇತುವೆಯ ಮೇಲಿನ ಮೊದಲ ಚಾಲಕ ಕ–ಚ–ಟ–ತ ದಾರಿಯಲ್ಲಿ 30 + 10 + 30, ಅಂದರೆ 70 ನಿಮಿಷದಲ್ಲಿ ಊರು ಸೇರುತ್ತಾನೆ. 13 ನಿಮಿಷದ ಉಳಿತಾಯವನ್ನು ಕಂಡ ಮೇಲೆ ಅವನ ಹಿಂದೆ ಉಳಿದವರೂ ಬರುತ್ತಾರೆ. ಆರು ಸಾವಿರವೂ ಬಂದರೆ ಆ ದಾರಿಗೆ 60 + 16 + 60, ಅಂದರೆ 136 ನಿಮಿಷ ಹಿಡಿಯುತ್ತದೆ, ಹಳೆಯ ದಾರಿಗಳಿಗೆ 110 ಸಾಕಾಗುತ್ತದೆ. ಆಗ ಎಲ್ಲರೂ ಹಿಂದಕ್ಕೆ ಓಡುತ್ತಾರೆ. ಸಿಲ್ಕ್ ಬೋರ್ಡ್ ಸುತ್ತಮುತ್ತ ಎಲ್ಲರ ಫೋನೂ ಏಕಕಾಲಕ್ಕೆ ಒಂದೇ ಒಳರಸ್ತೆಯನ್ನು ತೋರಿಸಿದರೆ ಏನಾಗಬಹುದೆಂದು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ.

ಈ ಓಲಾಟವನ್ನು ನಿಲ್ಲಿಸಲು ಲೆಕ್ಕದಲ್ಲಿ ಒಂದು ಸರಳ ಉಪಾಯವಿದೆ. ಪ್ರತಿ ಸುತ್ತಿನಲ್ಲಿಯೂ ಆಗಿನ ಅತಿ ಕಡಿಮೆ ಅವಧಿಯ ದಾರಿ ಯಾವುದೆಂದು ನೋಡಿ, ಎಲ್ಲರನ್ನೂ ಅಲ್ಲಿಗೆ ಸಾಗಿಸದೆ, ಮೊದಲ ಸುತ್ತಿನಲ್ಲಿ ಅರ್ಧದಷ್ಟು, ಎರಡನೆಯದರಲ್ಲಿ ಮೂರನೇ ಒಂದರಷ್ಟು, ಮೂರನೆಯದರಲ್ಲಿ ಕಾಲು ಭಾಗದಷ್ಟು ಮಾತ್ರ ಸರಿಸುತ್ತಾ ಹೋಗಬೇಕು. ಸೇತುವೆಯ ಮೇಲಿನ ಹರಿವನ್ನು ಸ ಎಂದು ಕರೆದರೆ, ಮೊದಲು ಸ = 0. ಸೇತುವೆಯ ದಾರಿ ಹಗುರವಾಗಿರುವುದರಿಂದ ಅರ್ಧದಷ್ಟನ್ನು ಅತ್ತ ಸರಿಸಿದರೆ ಸ = 3. ಆಗ ಸೇತುವೆಯ ದಾರಿಗೆ 103 ನಿಮಿಷ, ಹಳೆಯ ದಾರಿಗಳಿಗೆ 96.5 ನಿಮಿಷ ಬರುವುದರಿಂದ ಮೂರನೇ ಒಂದರಷ್ಟನ್ನು ಹಿಂದಕ್ಕೆ ಸರಿಸಬೇಕು; ಸ = 2 ಆಗುತ್ತದೆ. ಮೂರೂ ದಾರಿಗಳಲ್ಲಿ ತಲಾ 2 ಸಾವಿರ ವಾಹನಗಳಿವೆ. ಕ–ಚ ಮತ್ತು ಟ–ತ ರಸ್ತೆಗಳ ಮೇಲೆ ತಲಾ 4 ಸಾವಿರ. ಸೇತುವೆಯ ದಾರಿಗೆ 40 + 12 + 40, ಹಳೆಯ ದಾರಿಗಳಿಗೆ 40 + 52. ಎಲ್ಲವೂ 92 ನಿಮಿಷ. ಎರಡೇ ಸುತ್ತಿನಲ್ಲಿ ಉತ್ತರ ಸರಿಯಾಗಿ ಸಿಕ್ಕಿದ್ದು ಈ ಅಂಕಿಗಳ ಅದೃಷ್ಟ. ದೊಡ್ಡ ಜಾಲದಲ್ಲಿ ಇದು ನಿಧಾನವಾಗಿ ಸಾಗುವ ಕ್ರಮವಾದ್ದರಿಂದ 1956ರ ಫ್ರಾಂಕ್–ವುಲ್ಫ್ ವಿಧಾನವನ್ನೋ ಅದರ ಸುಧಾರಿತ ರೂಪಗಳನ್ನೋ ಕಂಪ್ಯೂಟರ್‌ನಲ್ಲಿ ಬಳಸುವುದು ರೂಢಿ.

83 ಇದ್ದದ್ದು 92 ಆಯಿತು. ಯಾವ ಚಾಲಕನೂ ಒಬ್ಬನೇ ಹಳೆಯ ದಾರಿಗೆ ಮರಳಿ ಲಾಭ ಪಡೆಯಲಾರ, ಏಕೆಂದರೆ ಅಲ್ಲಿಯೂ 92 ನಿಮಿಷವೇ ಕಾದಿದೆ.

ಹಂತ 4: ಸಮತೋಲನ ಇದೆಯೇ, ಅದು ಒಂದೇ ಇದೆಯೇ ಎಂದು ಪರೀಕ್ಷಿಸುವುದು

ಬಹಳಷ್ಟು ಮಂದಿ ಈ ಹಂತವನ್ನು ಹಾರಿಸಿಬಿಡುತ್ತಾರೆ. ರಸ್ತೆ ಜಾಲದಂಥ ದಟ್ಟಣೆಯ ಆಟಗಳಿಗೆ ಒಂದು ವಿಶೇಷ ಗುಣವಿದೆ: ಆಟಗಾರರೆಲ್ಲ ತಂತಮ್ಮ ಲಾಭವನ್ನೇ ನೋಡುತ್ತಿದ್ದರೂ, ಅವರಿಗೇ ಅರಿವಿಲ್ಲದಂತೆ ಎಲ್ಲರೂ ಸೇರಿ ಒಂದೇ ಫಲನವನ್ನು ತಗ್ಗಿಸುತ್ತಿರುತ್ತಾರೆ. ಬೆಕ್‌ಮನ್, ಮೆಗ್ವೈರ್ ಮತ್ತು ವಿನ್‌ಸ್ಟನ್ ಅವರು 1956ರಲ್ಲಿ ಹರಿವಿನ ರೂಪದ ಆಟಕ್ಕೂ, ರಾಬರ್ಟ್ ರೋಸೆಂಥಾಲ್ ಅವರು 1973ರಲ್ಲಿ ಬಿಡಿ ಆಟಗಾರರ ಆಟಕ್ಕೂ ಇದನ್ನು ತೋರಿಸಿದರು. ಪ್ರತಿ ಕೊಂಡಿಯ ಅವಧಿಯನ್ನು ಸೊನ್ನೆಯಿಂದ ಈಗಿನ ಹರಿವಿನವರೆಗೆ ಅನುಕಲಿಸಿ, ಬಂದ ಬೆಲೆಗಳನ್ನೆಲ್ಲ ಕೂಡಿದರೆ ಆ ಫಲನ ಸಿಗುತ್ತದೆ. ನಮ್ಮ ಜಾಲಕ್ಕೆ ಅದು 399 − 13ಸ + 3.25ಸ². ಇದರ ಕನಿಷ್ಠ ಬಿಂದು ಸ = 2; ಹಿಂದಿನ ಹಂತದ ಉತ್ತರವೇ. ಬೋಗುಣಿಯ ಆಕಾರದ ಈ ರೇಖೆಗೆ ತಳ ಒಂದೇ ಆದ್ದರಿಂದ ಸಮತೋಲನವೂ ಒಂದೇ ಎಂಬ ಖಾತರಿ ದೊರೆಯುತ್ತದೆ.

ಎಲ್ಲ ಜಾಲಗಳಿಗೂ ಈ ಭಾಗ್ಯವಿಲ್ಲ. ಅಂತರ್ಜಾಲದ ಸೇವಾದಾರ ಸಂಸ್ಥೆಗಳು ಬಿಜಿಪಿ ಎಂಬ ಶಿಷ್ಟಾಚಾರದ (ಪ್ರೋಟೊಕಾಲ್) ಮೂಲಕ ದಾರಿಗಳನ್ನು ಪರಸ್ಪರ ಪ್ರಕಟಿಸುತ್ತವೆ, ಮತ್ತು ಪ್ರತಿಯೊಂದೂ ತನ್ನ ವ್ಯಾಪಾರ ನೀತಿಗೆ ತಕ್ಕ ದಾರಿಯನ್ನು ಆರಿಸಿಕೊಳ್ಳುತ್ತದೆ. ಒಂದು ಗಮ್ಯಸ್ಥಾನದ ಸುತ್ತ ಮೂರು ಸಂಸ್ಥೆಗಳು ವೃತ್ತಾಕಾರದಲ್ಲಿವೆ, ಪ್ರತಿಯೊಂದಕ್ಕೂ ತನ್ನ ನೇರ ದಾರಿಗಿಂತ ಬಲಗಡೆಯ ನೆರೆಯ ಸಂಸ್ಥೆಯ ನೇರ ದಾರಿಯ ಮೂಲಕ ಹೋಗುವುದೇ ಹೆಚ್ಚು ಇಷ್ಟ ಎಂದು ಭಾವಿಸಿ. ಮೊದಲನೆಯದು ನೆರೆಯ ದಾರಿಯನ್ನು ಹಿಡಿದೊಡನೆ ಅದರ ನೇರ ದಾರಿಯನ್ನು ನಂಬಿದ್ದ ಮತ್ತೊಂದಕ್ಕೆ ಆ ಆಯ್ಕೆ ಇಲ್ಲವಾಗುತ್ತದೆ. ಅದು ತನ್ನ ನೇರ ದಾರಿಗೆ ಮರಳಿದೊಡನೆ ಮೂರನೆಯದಕ್ಕೆ ಹೊಸ ಅವಕಾಶ ತೆರೆದುಕೊಳ್ಳುತ್ತದೆ. ಹೀಗೆ ಬದಲಾವಣೆ ಕೊನೆಯಿಲ್ಲದೆ ಸುತ್ತುತ್ತಿರುತ್ತದೆ. ಇಲ್ಲಿ ಸ್ಥಿರ ಸ್ಥಿತಿಯೇ ಇಲ್ಲ. ಲಿಕ್ಸಿನ್ ಗಾವೊ ಮತ್ತು ಜೆನಿಫರ್ ರೆಕ್ಸ್‌ಫರ್ಡ್ 2001ರಲ್ಲಿ ಇದಕ್ಕೆ ಬಳಕೆಗೆ ಬರುವ ಉತ್ತರ ಕೊಟ್ಟರು: ಹಣ ಕೊಡುವ ಗ್ರಾಹಕ ಸಂಸ್ಥೆಯ ಮೂಲಕ ಬಂದ ದಾರಿಗೆ ಪ್ರತಿಯೊಬ್ಬರೂ ಆದ್ಯತೆ ನೀಡಿದರೆ, ಒಬ್ಬ ಸೇವಾದಾರನಿಂದ ಬಂದ ದಾರಿಯನ್ನು ಇನ್ನೊಬ್ಬ ಸೇವಾದಾರನಿಗೆ ಹಂಚದಿದ್ದರೆ, ಮತ್ತು ಗ್ರಾಹಕ–ಸೇವಾದಾರ ಸಂಬಂಧಗಳು ಸುತ್ತಿಕೊಂಡು ಚಕ್ರವಾಗದಿದ್ದರೆ, ಜಾಲ ತಾನಾಗಿಯೇ ಸ್ಥಿರಗೊಳ್ಳುತ್ತದೆ. ಈ ನಿಯಮಗಳು ಸಂಸ್ಥೆಗಳ ವ್ಯಾಪಾರದ ಹಿತಕ್ಕೂ ಹೊಂದುವಂಥವು ಎಂಬುದೇ ಇವುಗಳ ಬಲ.

ಸಮತೋಲನ ಇದ್ದರೂ ಅಲ್ಲಿಗೆ ತಲುಪಲಾಗದಿರಬಹುದು. ಇಂದಿನ ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಅಳೆದ ವಿಳಂಬವನ್ನೇ ಕೊಂಡಿಯ ವೆಚ್ಚವೆಂದು ಬಳಸುತ್ತಿದ್ದಾಗ, ದಟ್ಟಣೆ ಹೆಚ್ಚಿದ ಹೊತ್ತಿನಲ್ಲಿ ಎಲ್ಲ ರೂಟರ್‌ಗಳೂ ಒಂದು ಕೊಂಡಿಯನ್ನು ಒಟ್ಟಿಗೆ ತೊರೆದು ಮತ್ತೊಂದಕ್ಕೆ ಒಟ್ಟಿಗೆ ನುಗ್ಗುತ್ತಿದ್ದವು. ವೆಚ್ಚ ಒಮ್ಮೆಲೇ ಏರಿಳಿಯದಂತೆ ಮಿತಿ ಹಾಕಿದ ಹೊಸ ಮಾಪನವನ್ನು 1987ರಲ್ಲಿ ಅಳವಡಿಸಲಾಯಿತು. ಮೇಲೆ ನಾವು ಅರ್ಧ, ಮೂರನೇ ಒಂದು ಎಂದು ಹೆಜ್ಜೆಯನ್ನು ಕಿರಿದುಗೊಳಿಸಿದ್ದರ ಹಿಂದೆಯೂ ಇದೇ ಎಚ್ಚರಿಕೆ ಇತ್ತು.

ಹಂತ 5: ಆದರ್ಶದೊಂದಿಗೆ ಹೋಲಿಸಿ ನಷ್ಟವನ್ನು ಅಳೆಯುವುದು

ಎಲ್ಲರನ್ನೂ ಒಬ್ಬನೇ ನಿರ್ದೇಶಿಸುವಂತಿದ್ದರೆ ಒಟ್ಟು ಅವಧಿ ಎಷ್ಟಾಗುತ್ತಿತ್ತು? ಸೇತುವೆ ಇರುವ ಜಾಲದ ಒಟ್ಟು ವೆಚ್ಚವನ್ನು ಬಿಡಿಸಿದರೆ 498 + 14ಸ + 6.5ಸ² ಎಂಬ ಸೂತ್ರ ಬರುತ್ತದೆ. ಸ ಹೆಚ್ಚಿದಂತೆ ಇದು ಏರುತ್ತಲೇ ಹೋಗುವುದರಿಂದ ಆದರ್ಶ ಹಂಚಿಕೆ ಸ = 0, ಅಂದರೆ ಸೇತುವೆಯನ್ನು ಯಾರೂ ಮುಟ್ಟದಿರುವುದು. ಆದರ್ಶ 498, ಸಮತೋಲನ 552. ಅನುಪಾತ ಸುಮಾರು 1.11.

ಈ ಅನುಪಾತಕ್ಕೆ ಅರಾಜಕತೆಯ ಬೆಲೆ ಎಂದು ಹೆಸರು. ಅದನ್ನು ಅಳೆಯುವ ಪದ್ಧತಿಯನ್ನು ಕೌಟ್ಸೂಪಿಯಾಸ್ ಮತ್ತು ಪಾಪಾಡಿಮಿಟ್ರಿಯು 1999ರಲ್ಲಿ ಆರಂಭಿಸಿದರು. ಅವಧಿಯ ಫಲನಗಳು ಸರಳ ರೇಖೆಗಳಾಗಿದ್ದರೆ ಜಾಲ ಎಷ್ಟೇ ದೊಡ್ಡದಿದ್ದರೂ ಅನುಪಾತ 4/3ನ್ನು, ಅಂದರೆ ಸುಮಾರು 1.33ನ್ನು, ಮೀರುವುದಿಲ್ಲ ಎಂದು ಟಿಮ್ ರಫ್‌ಗಾರ್ಡನ್ ಮತ್ತು ಈವಾ ಟಾರ್ಡೋಶ್ ಸಾಧಿಸಿದರು. ನಾಲ್ಕನೇ ಘಾತದ ರಸ್ತೆ ಸೂತ್ರಕ್ಕೆ ಈ ಮಿತಿ ಸುಮಾರು 2.15ಕ್ಕೆ ಏರುತ್ತದೆ. ಇವು ಅತ್ಯಂತ ಕೆಟ್ಟ ಸಂದರ್ಭದ ಮಿತಿಗಳೇ ಹೊರತು ಭವಿಷ್ಯವಾಣಿಗಳಲ್ಲ. ನಿಮ್ಮ ಜಾಲದ ಅನುಪಾತ 1.02 ಎಂದು ಬಂದರೆ ಮುಂದಿನ ಹಂತಕ್ಕೆ ಹಣ ಸುರಿಯುವುದು ವ್ಯರ್ಥ. ಅವರೇ ಸಾಧಿಸಿದ ಮತ್ತೊಂದು ಫಲಿತಾಂಶ ವಿನ್ಯಾಸಕರಿಗೆ ಇನ್ನೂ ಹತ್ತಿರದ್ದು: ಸ್ವಾರ್ಥದ ಆಯ್ಕೆಯಿಂದಾಗುವ ಒಟ್ಟು ವೆಚ್ಚವು, ಎರಡು ಪಟ್ಟು ದಟ್ಟಣೆಯನ್ನು ಆದರ್ಶವಾಗಿ ಸಾಗಿಸಲು ತಗಲುವ ವೆಚ್ಚವನ್ನು ಎಂದೂ ಮೀರುವುದಿಲ್ಲ.

ಇಲ್ಲೊಂದು ಕಿವಿಮಾತು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2003ರಿಂದ 2005ರ ನಡುವೆ ಚೊಂಗ್‌ಗ್ಯೆಚೊನ್ ತೊರೆಯ ಮೇಲಿದ್ದ ಮೇಲ್ಸೇತುವೆ ಹೆದ್ದಾರಿಯನ್ನು ಕೆಡವಿ ತೊರೆಯನ್ನು ಮರುಸ್ಥಾಪಿಸಿದ್ದನ್ನು ಬ್ರೆಸ್ ವಿರೋಧಾಭಾಸಕ್ಕೆ (ರಸ್ತೆ ಸೇರಿಸಿದರೆ ಪ್ರಯಾಣ ನಿಧಾನವಾಗಬಹುದು, ತೆಗೆದರೆ ವೇಗವಾಗಬಹುದು ಎಂಬುದಕ್ಕೆ) ಸಾಕ್ಷಿಯೆಂದು ಹಲವರು ಎತ್ತಿ ತೋರಿಸುತ್ತಾರೆ. ಆದರೆ 2004ರಲ್ಲಿ ಅದೇ ನಗರ ತನ್ನ ಬಸ್ ವ್ಯವಸ್ಥೆಯನ್ನೂ ಸಮಗ್ರವಾಗಿ ಬದಲಿಸಿತ್ತು. ಎರಡು ಬದಲಾವಣೆಗಳು ಒಟ್ಟಿಗೆ ನಡೆದಾಗ ಫಲವನ್ನು ಒಂದರ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ.

ಹಂತ 6: ಆಟದ ನಿಯಮವನ್ನು ಬದಲಿಸುವುದು

ಆಟಗಾರರಿಗೆ ಬುದ್ಧಿ ಹೇಳುವುದು ವಿನ್ಯಾಸವಲ್ಲ. ಅವರ ಸ್ವಂತ ಹಿತವೇ ಅವರನ್ನು ಒಳ್ಳೆಯ ಸ್ಥಿತಿಗೆ ಒಯ್ಯುವಂತೆ ವೆಚ್ಚಗಳನ್ನು ಮರುರೂಪಿಸುವುದು ವಿನ್ಯಾಸ. ಅರ್ಥಶಾಸ್ತ್ರಜ್ಞ ಆರ್ಥರ್ ಪಿಗು 1920ರಲ್ಲಿಯೇ ತೋರಿಸಿದ ಉಪಾಯವೆಂದರೆ, ಪ್ರತಿಯೊಬ್ಬನೂ ಇತರರಿಗೆ ಉಂಟುಮಾಡುವ ವಿಳಂಬದಷ್ಟೇ ಶುಲ್ಕವನ್ನು ಅವನಿಂದ ಪಡೆಯುವುದು. ಆದರ್ಶ ಹಂಚಿಕೆಯಲ್ಲಿ ಕ–ಚ ರಸ್ತೆಯ ಮೇಲೆ 3 ಸಾವಿರ ವಾಹನಗಳಿದ್ದು, ಅಲ್ಲಿ ಅವಧಿ ಏರುವ ವೇಗ 10 ಆದ್ದರಿಂದ ಶುಲ್ಕ 30 ನಿಮಿಷಗಳಿಗೆ ಸಮನಾಗುತ್ತದೆ. ಟ–ತ ರಸ್ತೆಗೂ ಅಷ್ಟೇ. ಚ–ತ ಮತ್ತು ಕ–ಟ ರಸ್ತೆಗಳಿಗೆ ತಲಾ 3, ಸೇತುವೆಗೆ ಸೊನ್ನೆ. ಆಗ ಹಳೆಯ ದಾರಿಗಳ ಒಟ್ಟು ಹೊರೆ 116, ಸೇತುವೆಯ ದಾರಿಯದು 130. ಸೇತುವೆ ಖಾಲಿಯಾಗಿಯೇ ಉಳಿಯುತ್ತದೆ.

ಆದರೆ ಇಷ್ಟೊಂದು ವಸೂಲಿ ಬೇಕೇ? ಸೇತುವೆಯೊಂದರ ಮೇಲೆಯೇ 13 ನಿಮಿಷಗಳಿಗೆ ಸಮನಾದ ಶುಲ್ಕ ಹಾಕಿದರೆ 70 + 13 = 83 ಆಗಿ ಅದೇ ಫಲ ಸಿಗುತ್ತದೆ, ಮತ್ತು ಅದನ್ನು ಯಾರೂ ಕಟ್ಟಬೇಕಾಗುವುದೇ ಇಲ್ಲ. ಹಂತ 4ರ ಫಲನದಲ್ಲಿದ್ದ 13 ಇದೇ ಎಂಬುದನ್ನು ಗಮನಿಸಿ. ನಿಮಿಷವನ್ನು ರೂಪಾಯಿಗೆ ಪರಿವರ್ತಿಸುವಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ಕೂಲಿ ಕಾರ್ಮಿಕನ ನಿಮಿಷಕ್ಕೂ ಕಂಪನಿ ಮುಖ್ಯಸ್ಥನ ನಿಮಿಷಕ್ಕೂ ಮಾರುಕಟ್ಟೆ ಒಂದೇ ಬೆಲೆ ಕಟ್ಟುವುದಿಲ್ಲ. ಸರಾಸರಿಯನ್ನು ಹಿಡಿದು ಹಾಕಿದ ಶುಲ್ಕ ಬಡವರನ್ನಷ್ಟೇ ರಸ್ತೆಯಿಂದ ಹೊರಗಿಡಬಹುದು. ಸ್ಟಾಕ್‌ಹೋಮ್ ನಗರ 2006ರಲ್ಲಿ ಏಳು ತಿಂಗಳ ಪ್ರಯೋಗವಾಗಿ ದಟ್ಟಣೆ ಶುಲ್ಕ ವಿಧಿಸಿದಾಗ ಶುಲ್ಕದ ಗಡಿಯನ್ನು ದಾಟುವ ವಾಹನಗಳು ಸುಮಾರು ಐದನೇ ಒಂದರಷ್ಟು ಕಡಿಮೆಯಾದವು. ಜನಮತಗಣನೆಯ ನಂತರ 2007ರಲ್ಲಿ ಅದು ಕಾಯಂ ಆಯಿತು.

ಎಲ್ಲ ನಿಯಮಗಳೂ ಹಣದ ರೂಪದಲ್ಲಿರಬೇಕಿಲ್ಲ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಡುವಿನ, ಕೇವಲ 400 ಗಜ ದೂರದ ಸಂಪರ್ಕದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿದಿತ್ತು. ಕಳೆದುಹೋದ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ಪ್ರತಿಯೊಬ್ಬರೂ ಮತ್ತೆ ಮತ್ತೆ ಕಳುಹಿಸುತ್ತಾ ದಟ್ಟಣೆಯನ್ನು ಹೆಚ್ಚಿಸುತ್ತಿದ್ದುದೇ ಇಂಥ ಕುಸಿತದ ಮೂಲ. ವಾನ್ ಜೇಕಬ್‌ಸನ್ ಅಂತರ್ಜಾಲದಲ್ಲಿ ಪ್ಯಾಕೆಟ್‌ಗಳ ರವಾನೆಯನ್ನು ನಿಯಂತ್ರಿಸುವ ಟಿಸಿಪಿ ಎಂಬ ಶಿಷ್ಟಾಚಾರಕ್ಕೆ ಸೇರಿಸಿದ ನಿಯಮದಂತೆ ಪ್ಯಾಕೆಟ್ ಕಳೆದರೆ ಕಳುಹಿಸುವವನು ತನ್ನ ವೇಗವನ್ನು ಥಟ್ಟನೆ ತಗ್ಗಿಸಿ, ಆಮೇಲೆ ನಿಧಾನವಾಗಿ ಏರಿಸುತ್ತಾನೆ. ಇಂಥ ನಿಯಂತ್ರಣವನ್ನು ಪ್ರತಿ ಕೊಂಡಿಯೂ ತನ್ನ ದಟ್ಟಣೆಗೆ ಹಾಕುವ ಬೆಲೆಯೆಂದು ಓದಬಹುದು ಎಂಬುದನ್ನು ಫ್ರಾಂಕ್ ಕೆಲ್ಲಿ 1990ರ ದಶಕದ ಕೊನೆಯಲ್ಲಿ ವಿವರಿಸಿದರು. ಆದರೆ ಒಂದು ದೌರ್ಬಲ್ಯ ಉಳಿದಿದೆ: ವೇಗ ತಗ್ಗಿಸದ ತಂತ್ರಾಂಶವನ್ನು ಬರೆದವನಿಗೆ ಶಿಕ್ಷೆಯಿಲ್ಲ, ಉಳಿದವರ ಸೌಜನ್ಯವೇ ಅವನಿಗೆ ಲಾಭ. ಆದ್ದರಿಂದ ಪ್ರತಿ ಹರಿವಿಗೂ ಪ್ರತ್ಯೇಕ ಸರದಿಯನ್ನು ರೂಟರ್‌ನಲ್ಲಿಯೇ ಇಡುವುದು ಹೆಚ್ಚು ಭದ್ರ.

ಹಂತ 7: ಕೊಂಡಿಗಳನ್ನೇ ಆಟಗಾರರು ಕಟ್ಟುವಾಗ ಖರ್ಚನ್ನು ಹಂಚುವುದು

ನಾಲ್ಕು ಸಂಸ್ಥೆಗಳು ಸೇರಿ ಒಂದು ಫೈಬರ್ ಮಾರ್ಗ ಎಳೆಯಲು 101 ಲಕ್ಷ ರೂಪಾಯಿ ಬೇಕು; ಬೇರೆ ಬೇರೆಯಾಗಿ ಎಳೆದುಕೊಂಡರೆ ಅವುಗಳಿಗೆ ಕ್ರಮವಾಗಿ 100, 50, 33.33 ಮತ್ತು 25 ಲಕ್ಷ ತಗಲುತ್ತದೆ ಎಂದುಕೊಳ್ಳಿ. ಸಮಪಾಲು ಮಾಡಿದರೆ ತಲಾ 25.25 ಲಕ್ಷ. ನಾಲ್ಕನೆಯ ಸಂಸ್ಥೆಗೆ ಬೇರೆಯಾದರೆ 25 ಲಕ್ಷವೇ ಸಾಕು, ಅದು ಹೊರನಡೆಯುತ್ತದೆ. ಉಳಿದ ಮೂವರ ಪಾಲು 33.67 ಆಗುತ್ತದೆ, ಮೂರನೆಯದೂ ಹೋಗುತ್ತದೆ, ಆಮೇಲೆ 50.5, ಎರಡನೆಯದೂ ಹೋಗುತ್ತದೆ. ಕೊನೆಗೆ ಒಂಟಿಯಾದ ಮೊದಲನೆಯದಕ್ಕೂ 101ಕ್ಕಿಂತ 100 ಲೇಸು. ಕೇವಲ 25 ಸಾವಿರ ರೂಪಾಯಿಯ ವ್ಯತ್ಯಾಸದಿಂದ ಆರಂಭವಾದ ಒಡಕು 101 ಲಕ್ಷದ ಕೆಲಸವನ್ನು 208.33 ಲಕ್ಷಕ್ಕೆ ಏರಿಸಿತು. ಎಲಿಯಟ್ ಆನ್‌ಶೆಲೆವಿಚ್ ಮತ್ತು ಸಂಗಡಿಗರು 2004ರಲ್ಲಿ ವಿಶ್ಲೇಷಿಸಿದ ಪ್ರಸಿದ್ಧ ಉದಾಹರಣೆಗೆ ನಾನು ತೊಡಿಸಿದ ರೂಪಾಯಿಯ ವೇಷ ಇದು.

ಇದಕ್ಕೆ ಪರಿಹಾರ ಹಂಚಿಕೆಯ ಸೂತ್ರದಲ್ಲಿದೆ. ಪ್ರತಿ ಸಂಸ್ಥೆಯೂ ತನ್ನ ಪ್ರತ್ಯೇಕ ಖರ್ಚಿಗೆ ಅನುಗುಣವಾಗಿ ಕೊಡುವುದಾದರೆ ಪಾಲುಗಳು 48.48, 24.24, 16.16 ಮತ್ತು 12.12 ಲಕ್ಷವಾಗುತ್ತವೆ, ಯಾರಿಗೂ, ಯಾವ ಗುಂಪಿಗೂ, ಹೊರಹೋಗುವ ಕಾರಣ ಉಳಿಯುವುದಿಲ್ಲ. ಸಮಪಾಲು ನ್ಯಾಯದಂತೆ ಕಂಡರೂ ಜಾಲವನ್ನು ಮುರಿಯಬಲ್ಲದು ಎಂಬುದನ್ನು ಒಪ್ಪಂದದ ಕರಡು ಬರೆಯುವ ಮೊದಲೇ ಲೆಕ್ಕ ಹಾಕಿ ನೋಡಬೇಕು. ಇಲ್ಲಿ ಉಳಿಯುವ ತೊಡಕೆಂದರೆ, ತನ್ನ ಪ್ರತ್ಯೇಕ ಖರ್ಚು ಎಷ್ಟೆಂದು ಪ್ರತಿಯೊಬ್ಬನೂ ತಾನೇ ಹೇಳಬೇಕಾದಾಗ ಕಡಿಮೆ ಹೇಳುವುದೇ ಅವನಿಗೆ ಲಾಭ. ಆದ್ದರಿಂದ ಆ ಅಂಕಿಗಳನ್ನು ಮೂರನೆಯವರಿಂದ ಅಂದಾಜು ಮಾಡಿಸುವುದು ಉತ್ತಮ.

ಹಂತ 8: ಬೇಡಿಕೆಯನ್ನು ಬದಲಿಸಿ ಮತ್ತೆ ಲೆಕ್ಕ ಹಾಕುವುದು

ಬ್ರೆಸ್ ಜಾಲಕ್ಕೆ ಮರಳೋಣ. ಈವರೆಗಿನ ತೀರ್ಪೆಲ್ಲ 6 ಸಾವಿರ ವಾಹನಗಳಿಗೆ ಸಂಬಂಧಿಸಿದ್ದು. ಒಟ್ಟು ಬೇಡಿಕೆಯನ್ನು ಬ ಎಂದು ಕರೆದು ಲೆಕ್ಕವನ್ನು ಮತ್ತೆ ಮಾಡಿದರೆ, ಸೇತುವೆಯ ದಾರಿಗೂ ಹಳೆಯ ದಾರಿಗೂ ಇರುವ ವ್ಯತ್ಯಾಸ 4.5ಬ + 6.5ಸ − 40 ಎಂದು ಬರುತ್ತದೆ. ಇದರಿಂದ ಹೊರಡುವ ಚಿತ್ರ ಆರಂಭದ ಆಘಾತಕ್ಕಿಂತ ಹೆಚ್ಚು ಉಪಯುಕ್ತ. ಬೇಡಿಕೆ ಸುಮಾರು 2.58 ಸಾವಿರಕ್ಕಿಂತ ಕಡಿಮೆ ಇದ್ದರೆ ಸೇತುವೆ ನಿಜಕ್ಕೂ ಉಪಕಾರಿ: 2 ಸಾವಿರ ವಾಹನಗಳಿದ್ದಾಗ ಸೇತುವೆ ಇಲ್ಲದೆ 61 ನಿಮಿಷ, ಇದ್ದರೆ 52. ಬೇಡಿಕೆ 2.58ರಿಂದ 8.89 ಸಾವಿರದವರೆಗೆ ಇರುವಾಗ ಸೇತುವೆಯಿಂದ ಎಲ್ಲರಿಗೂ ಹಾನಿ. ಅದಕ್ಕೂ ಮೇಲೆ ಕ–ಚ ಮತ್ತು ಟ–ತ ರಸ್ತೆಗಳೇ ಕಿಕ್ಕಿರಿದಿರುವುದರಿಂದ ಸೇತುವೆಯತ್ತ ಯಾರೂ ತಿರುಗುವುದಿಲ್ಲ. ಅದು ಇದ್ದೂ ಇಲ್ಲದಂತೆ.

ಆದರ್ಶ ಹಂಚಿಕೆಯ ಗೆರೆ ಬೇರೆಯೇ ಇದೆ. ಬೇಡಿಕೆ 4.44 ಸಾವಿರಕ್ಕಿಂತ ಕಡಿಮೆ ಇರುವಾಗ ಒಬ್ಬ ಜಾಣ ನಿರ್ದೇಶಕನೂ ಸೇತುವೆಯನ್ನು ಒಂದಿಷ್ಟು ಬಳಸಿಕೊಳ್ಳುತ್ತಾನೆ. ಉದಾಹರಣೆಗೆ 4 ಸಾವಿರ ವಾಹನಗಳಿದ್ದಾಗ ಅವನು ಸುಮಾರು 310 ವಾಹನಗಳನ್ನು ಮಾತ್ರ ಸೇತುವೆಯ ಮೂಲಕ ಕಳುಹಿಸುತ್ತಾನೆ. ತಂತಮ್ಮ ಇಷ್ಟಕ್ಕೆ ಬಿಟ್ಟರೆ ಸುಮಾರು 3,380 ವಾಹನಗಳು ಅಲ್ಲಿಗೆ ನುಗ್ಗುತ್ತವೆ. ಆದ್ದರಿಂದ 2.58 ಮತ್ತು 4.44ರ ನಡುವೆ ಸೇತುವೆಯನ್ನು ಮುಚ್ಚುವುದೂ ಸರಿಯಲ್ಲ, ಮುಕ್ತವಾಗಿ ಬಿಡುವುದೂ ಸರಿಯಲ್ಲ. ಆ ಹೊತ್ತಿನ ಬೇಡಿಕೆಗೆ ತಕ್ಕ ಶುಲ್ಕವೇ ಬೇಕು. ಸಿಂಗಪುರ 1998ರಿಂದ ನಡೆಸುತ್ತಿರುವ ಎಲೆಕ್ಟ್ರಾನಿಕ್ ರಸ್ತೆ ಶುಲ್ಕವು ದಿನದ ಹೊತ್ತಿಗೆ ತಕ್ಕಂತೆ ಬದಲಾಗುವುದು ಈ ಕಾರಣಕ್ಕಾಗಿಯೇ.

ಹೀಗೆ ಬೇಡಿಕೆಯ ಕೋಷ್ಟಕವನ್ನು ಸಿದ್ಧಪಡಿಸುವಾಗ ಈಗಿನ ಅಂಕಿಯೊಂದನ್ನೇ ಹಿಡಿಯದೆ, ನಸುಕಿನ ಹೊತ್ತು, ಕಚೇರಿಯ ಹೊತ್ತು, ಹಬ್ಬದ ಹಿಂದಿನ ಸಂಜೆ, ಐದು ವರ್ಷಗಳ ನಂತರದ ಅಂದಾಜು, ಮತ್ತು ಒಂದು ಕೊಂಡಿ ಕೆಟ್ಟು ನಿಂತ ದಿನ ಇವುಗಳಿಗೆ ಬೇರೆ ಬೇರೆ ಸಾಲುಗಳನ್ನು ಇಟ್ಟುಕೊಂಡು, ಪ್ರತಿ ಸಾಲಿನಲ್ಲಿಯೂ ಸೇತುವೆ ಇದ್ದಾಗಿನ ಸಮತೋಲನ, ಇಲ್ಲದಾಗಿನ ಸಮತೋಲನ, ಆದರ್ಶ ಹಂಚಿಕೆ ಎಂಬ ಮೂರು ಅಂಕಿಗಳನ್ನು ಬರೆಯಬೇಕು. ನಿರ್ಧಾರ ತೆಗೆದುಕೊಳ್ಳುವವರ ಮೇಜಿನ ಮೇಲೆ ಇಡಬೇಕಾದದ್ದು ಈ ಕೋಷ್ಟಕವನ್ನೇ.